ಒಡಪು

ಗಂಡನ ಹೆಸರು ಬಾಯಾಗ ತಂದ್ರ
ಅವನ ಆಯುಷ್ಯ ಸವೀತದ ಅಂದಿದ್ಳು ನಮ್ಮವ್ವ.
ನಲವತ್ತಾರು ವರ್ಷ "ಇವರು" ಅಂದೆ,
ರೇಶನ್ ಕಾರ್ಡಿನ ಸಾಹೇಬನ ಮುಂದ ಸುದ್ದಾ
ಬಟ್ಟು ಮಾಡಿ ತೋರಿಸ್ದೆ.
ಈಗ ದಿನಕ್ಕ ಮೂರು ಸಲ
ಅವರ ಹೆಸರು ಅವರಿಗೇ ಹೇಳ್ತೀನಿ,
ಗುಳಿಗಿ ಕೊಟ್ಟಂಗ, ಊಟಕ್ಕಿಂತ ಮೊದಲ.

ವಾಡಿ ಜಂಕ್ಷನ್ನಿನ ಕ್ಯಾಬಿನ್ನಾಗ
ಇಪ್ಪತ್ತೆಂಟು ವರ್ಷ ಲೀವರ್ ಎಳದ ಕೈ.
ಯಾವ ಗಾಡಿ ಯಾವ ಹಳಿಗಿ, ಪಟ್ಟಿ ನೋಡದೇ ಹೇಳ್ತಿದ್ರು.
ಹೋದ ವರ್ಷ ಬದನಿಕಾಯಿ ತರ್ಲಾಕ ಹೋಗಿ
ಖಾಲಿ ಚೀಲ ತೊಡಿ ಮ್ಯಾಲಿಟ್ಟುಕೊಂಡು
ಮಂದಿ ಮನಿ ಕಟ್ಟಿ ಮ್ಯಾಲ ಕೂತಿದ್ರು.

ನಾ ಮಾಡಿದ ತಪ್ಪು ಹೇಳ್ತೀನಿ, ಕೇಳ್ರಿ.
ಅವರನ್ನ ಬಚ್ಚಿಟ್ಟೆ.
ಮದುವಿ ಅಂದ್ರ ಮೊಣಕಾಲು ಅಂದೆ,
ಜವಳ ಅಂದ್ರ ಬಿಸಿಲು ಅಂದೆ,
ಕೇಳಿದ್ದೇ ಕೇಳ್ತಾರ, ಮಂದಿ ನಗ್ತಾರ ಅಂತ
ಚಿಲಕ ಹಾಕಿ ಟಿವಿ ಹಚ್ಚಿಟ್ಟೆ.
ಎಂಟು ತಿಂಗಳಾಗ ಮನ್ಯಾಗ ಉಳಿದ ಮಾತು ಇಷ್ಟೇ:
ಉಣ್ರಿ. ಏಳ್ರಿ. ಮಕ್ಕೋರಿ.
ಆಮ್ಯಾಲ ನಾನೂ ಬ್ಯಾಳಿಗಿ ಎರಡು ಸಲ ಉಪ್ಪು ಹಾಕ್ದೆ.
ತಂಗಿ ಮಗಳ ಹೆಸರು ನಾಲಿಗಿ ತುದಿತನಕಾ ಬಂದು
ಸಿಗ್ನಲ್ ಸಿಗದ ಗೂಡ್ಸಿನಂಗ ಅಲ್ಲೇ ನಿಂತಿತು.

ಕಲಬುರಗಿ ಡಾಕ್ಟರ್ ಹೇಳಿದ್ದು ನಾ ಅರ್ಧ ಕೇಳಿದ್ದೆ.
ಇನ್ನರ್ಧ ಹೇಳಿದಾಕಿ ಎದುರುಮನಿ ಮೆಹರುನ್ನೀಸಾ:
"ಬಂದ್ ಇಟ್ಟ ಬೀಗಕ್ಕ ತುಕ್ಕು ಹಿಡೀತದ, ಅಕ್ಕಾ.
ಕೀಲಿಗೂ ಹಿಡೀತದ."

ಆಕಿನೂ ಗಂಡನ ಹೆಸರು ಹೇಳಂಗಿಲ್ಲ,
"ಜರೀನಾನ ಅಬ್ಬಾ" ಅಂತಾಳ.
ಸೊಲ್ಲಾಪುರದ ಕುಸುಮಬಾಯಿ "ಅಹೋ" ಅಂತಾಳ,
ತಾಂಡೂರಿನ ವರಲಕ್ಷ್ಮಮ್ಮ "ಏಮಂಡಿ."
ನಾಕು ಭಾಷಾ, ನಾಕು ಗಂಡಸರು,
ಒಬ್ಬರಿಗೂ ಹೆಸರಿಲ್ಲ!

ಸಂಜಿ ಐದಕ್ಕ ಆಕಿ ಕಟ್ಟಿಯ ಶಹಾಬಾದಿ ಪರಸಿ ಮ್ಯಾಲ
ಸುಣ್ಣದ ತುಂಡಿಲೆ ಚೌಕಾಬಾರಾ ಗೀಚಿ
ಎಂಟು ಮಂದಿ ಕೂಡ್ತೀವಿ.
ಬಳಿಚೂರು, ಗುಂಡಿ, ತೊಗರಿಕಾಳು, ಹರಳು.
ಕುಸುಮಬಾಯಿಗಿ ಕಿವಿ ಕೇಳಂಗಿಲ್ಲ,
ಆಕಿ ಗಂಡಗ ಸುಮ್ಮನಿರ್ಲಾಕ ಬರಂಗಿಲ್ಲ,
ಲೆಕ್ಕ ಸರಿ ಹೋಗ್ತದ.

ಒಂದಿನ ಇವರು
ಮೂರು ಬಿದ್ದದ್ದಕ್ಕ ನಾಕು ಎಣಿಸಿ
ಜರೀನಾನ ಅಬ್ಬಾನ ಕಾಯಿ ಕಡದ್ರು.
ಮುದುಕ ಎದ್ದೇ ನಿಂತ:
"ಏ ಕಳ್ಳಾ! ಕ್ಯಾಬಿನ್ನಾಗೂ ಹಿಂಗೇ ಎಣಿಸಿದ್ರ
ಎಷ್ಟು ಗಾಡಿ ಪಲ್ಟಿ ಹೊಡೀತಿದ್ವೋ!"
"ನಿನ್ನ ಚಷ್ಮಾ ಒರಸ್ಕೋ ಮೊದಲ," ಅಂದ್ರು ಇವರು.
ಅರ್ಧ ತಾಸು. ಚಹಾ ಆರಿ ತಣ್ಣಗಾಯ್ತು.
ನಾ ಸೆರಗಿನ್ಯಾಗ ಮಾರಿ ಮುಚ್ಚಿಕೊಂಡೆ,
ನಾಚಿಕಿಗಲ್ಲ.
ಎರಡು ವರ್ಷ ಆಗಿತ್ತು ಇವರನ್ನ ಯಾರಾದ್ರೂ ಬೈದು.
ಎಲ್ಲಾರೂ ಹೂಂ ಅಂತಿದ್ರು, ಕೂಸಿಗಿ ಅಂದಂಗ.
ಮೋಸ ಮಾಡ್ಲಾಕ ಲೆಕ್ಕ ನೆಪ್ಪಿರಬೇಕು,
ಜಗಳಕ್ಕ ಎದುರಿಗಿ ಒಬ್ಬ ಮನಷಾ ಕಾಣಬೇಕು.

ಗುಣ ಆಯ್ತು ಅನ್ನಂಗಿಲ್ಲ ನಾ.
ನಿನ್ನಿ ಚಹಾ ಕುಡದು, ಬಸಿ ಕೈಯಾಗ ಇದ್ದಂಗೇ
"ಚಹಾ ಯಾವಾಗ?" ಅಂದ್ರು.
ನನಗ ಮಾತ್ರ ತಂಗಿ ಮಗಳ ಹೆಸರು ಬಂತು: ಗೌರಾ.
ಗೌರಾ, ಗೌರಾ ಅಂತ ಅಡಗಿಮನ್ಯಾಗ ಒಬ್ಬಾಕೆನೇ ಅಂದೆ.

ಕುಸುಮಬಾಯಿ ಮೊಮ್ಮಗಳ ಸೀಮಂತಕ್ಕ
ಒಡಪು ಹಾಕ್ರಿ ಅಂತ ಕೂಡಿಸಿದ್ರು.
ತಮ್ಮಲ್ಲಿ ಇದಕ್ಕ ಉಖಾಣಾ ಅಂತೀವಿ ಅಂದ್ಳು ಆಕಿ.
ಲಗ್ನದ ಹೊಸತಾಗಿ ಕಟ್ಟಿದ್ದೇ ಅಂದೆ,
ಮತ್ತೊಂದು ನನಗ ಗೊತ್ತಿಲ್ಲ:

"ನಾಕು ದಿಕ್ಕಿನ ಹಳಿ ಕೂಡೋ ಊರು ನಮ್ಮ ವಾಡಿ,
ಚಂದ್ರಶಾ ಅವರು ಹಸಿರು ತೋರಿಸಿದ್ರೇನೇ ಹೋಗ್ತದ ಗಾಡಿ."

ಮಂದಿ ಚಪ್ಪಾಳಿ ಹೊಡದ್ರು.
ಮೂಲ್ಯಾಗ ಕುರ್ಚಿಯಿಂದ ಇವರು,
"ತಪ್ಪು," ಅಂದ್ರು.
"ಹಸಿರು ತೋರಿಸೋದು ಗಾರ್ಡಿನ ಕೆಲಸ.
ನಾ ಲೀವರ್ ಎಳೀತಿದ್ದೆ."
ನಲವತ್ತಾರು ವರ್ಷ ಯಾರೂ ತಿದ್ದಿರಲಿಲ್ಲ.

ಆಮ್ಯಾಲ, ಮಂದಿ ಊಟಕ್ಕ ಎದ್ದ ಮ್ಯಾಲ,
ನನ್ನ ಕಡಿ ಬಾಗಿ, ಸಣ್ಣ ದನಿಲೆ:
"ಚಂದ್ರಶಾ ಅಂದ್ರ ನಾನೇ, ಹೌದಲ್ಲ?"